ಸೂರಿಗೆ ಕಟ್ಟಿದ ಬಲೆ

"ಲೇ! ಯಾವನ್ಲಾ ನೀನು? ನಮ್ಮಪ್ಪನ ಬಲೆ ಯಾಕ್ಲಾ ಕೊಯ್ದೆ?"

ಅಪ್ಪನಿಗೆ ಬೆಳಗಿನ ಅಂಬಲಿ ತಂದಿದ್ದ ಸುಗುಣಾ ಕೆರೆ ಏರಿಯ ಮೇಲಿಂದಲೇ ಕಿರುಚಿದಳು.

ದಡದಲ್ಲಿ ಅಪರಿಚಿತ ಯುವಕನೊಬ್ಬ ಒದ್ದೆ ಮೈಯಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಚಾಕು. ಇನ್ನೊಂದರಲ್ಲಿ ಅಪ್ಪ ಆರು ತಿಂಗಳು ಕೂತು ಹೆಣೆದ ಬಲೆ... ನಡುವೆ ದೊಡ್ಡ ತೂತು! ಪಕ್ಕದಲ್ಲಿ ಅಪ್ಪ ಕದಿರಪ್ಪ ತೊಯ್ದು ನಡುಗುತ್ತಿದ್ದ. ಬಲೆ ಉಳಿಸಿಕೊಳ್ಳಲು ನೀರಿಗೆ ಹಾರಿರಬೇಕು ಎಂದುಕೊಂಡಳು.

ಯುವಕ ಕದಿರಪ್ಪನ ಮುಖ ನೋಡಿದ. ಕದಿರಪ್ಪ ತಲೆ ತಗ್ಗಿಸಿದ.

"ಹೌದು, ನಾನೇ ಕೊಯ್ದೆ," ಎಂದ ಯುವಕ.

ಅಷ್ಟೇ! ಯಾಕೆ ಅಂತಿಲ್ಲ, ತಪ್ಪಾಯ್ತು ಅಂತಿಲ್ಲ. ಸುಗುಣಾಳ ಮೈಯೆಲ್ಲ ಉರಿಯಿತು.

"ಈ ನೀರಿಗೇ ಇಳೀದಂಗೆ ಮಾಡ್ತೀನಿ ನಿನ್ನ! ನೋಡ್ತಿರು!"

ಅವನ ಹೆಸರು ಮುರುಗೇಶ್. ಡೆಂಕಣಿಕೋಟೆ ಕಡೆಯವನು. ಬೇರಿಕೆ ಹತ್ತಿರದ ಈ ಕೆರೆಯಲ್ಲಿ ಮೀನು ಹಿಡಿಯುವ ಸರದಿ ಪಡೆದು ಇನ್ನೂ ಒಂದು ವಾರವಷ್ಟೇ ಆಗಿತ್ತು. ನೋಡಲು ಲಕ್ಷಣವಾಗಿದ್ದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಆ ಕೆರೆಯ ಮೀನುಗಾರರದ್ದೊಂದು ಕಟ್ಟಳೆಯಿತ್ತು. ಹಗೆಯಿಂದ ಕೊಯ್ದ ಬಲೆಯನ್ನು ಬಿಚ್ಚಿ ನೋಡುವಂತಿಲ್ಲ. ಗಂಟು ಕಟ್ಟಿ ಮನೆಯ ಸೂರಿಗೆ ನೇತುಹಾಕಬೇಕು. ವರ್ಷಕ್ಕೊಮ್ಮೆ ಕೆರೆಗೆ ಮೀನುಮರಿ ಬಿಡುವ ದಿನ, ಸಂಘದವರ ಮುಂದೆ ಬಿಚ್ಚಿ ನ್ಯಾಯ ಕೇಳಬೇಕು. ತಪ್ಪು ಖಚಿತವಾದರೆ ಕೊಯ್ದವನ ಸರದಿ ಶಾಶ್ವತವಾಗಿ ರದ್ದು.

ಸುಗುಣಾ ಅಂದೇ ಗಂಟು ಕಟ್ಟಿದಳು. ಕದಿರಪ್ಪ ಮತ್ತೆ ನೀರಿಗಿಳಿಯಲಿಲ್ಲ. ಅವನ ಸರದಿಯಲ್ಲಿ ಮಗಳೇ ಹರಿಗೋಲು ಹತ್ತಿದಳು. ಬಲೆ ಹೋದ ದುಃಖಕ್ಕೆ ಅಪ್ಪ ಹೀಗೆ ಮೂಲೆ ಹಿಡಿದಿದ್ದಾನೆ ಎಂದು ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಹೆಸರೇನೋ ಸುಗುಣಾ. ಆ ವರ್ಷ ಅವಳು ಮಾಡಿದ ಕೆಲಸಗಳಲ್ಲಿ ಮಾತ್ರ ಗುಣ ಹುಡುಕಬೇಡಿ! ಮುರುಗೇಶನ ಬಲೆಯ ಬೆಂಡುಗಳನ್ನು ಕಿತ್ತಳು. ಅವನ ಕಾಟ್ಲಾ ಮೀನಿನ ಮೇಲಿದ್ದ ಐಸನ್ನು ಬಿಸಿಲಿಗೆ ಚೆಲ್ಲಿದಳು. ಬೇರಿಕೆ ಸಂತೆಯಲ್ಲಿ ಅವನ ಬುಟ್ಟಿಯ ಮುಂದೆಯೇ ನಿಂತು ಕೂಗಿದಳು.

"ಅಕ್ಕೋ, ಮೊನ್ನೆ ಹಿಡಿದಿರೋ ಮೀನು ಕಣಕ್ಕೋ! ತಗೋಬ್ಯಾಡಿ!"

ಮುರುಗೇಶ್ ನೀರಿನ ಬಾಟಲಿ ಚಾಚಿದ.

"ಗಂಟಲು ಒಣಗೈತೆ ನಿಂಗೆ. ಕುಡಿದ್ಬುಟ್ಟು ಕೂಗು."

'ಇವನಿಗೆ ಸಿಟ್ಟೇ ಬರಲ್ವಾ?'

ಒಂದು ಸಂಜೆ ಗಾಳಿಗೆ ಅವಳ ಹರಿಗೋಲು ಸುತ್ತತೊಡಗಿತು. ಹುಟ್ಟು ಕೈ ಜಾರಿತು. ಎಲ್ಲಿದ್ದನೋ ಮುರುಗೇಶ್, ಹಗ್ಗ ಎಸೆದು ದಡಕ್ಕೆಳೆದ.

"ನಾನ್ ಸತ್ರೆ ನಿಂಗೇ ಒಳ್ಳೇದಾಗ್ತಿತ್ತಲ್ಲ?"

"ಅಂಗನ್ನಬ್ಯಾಡ..." ಅವನು ಹಗ್ಗ ಸುತ್ತುತ್ತ ಎಂದ. "ಬೈಯೋದಾದ್ರೆ ಇನ್ನೂ ನಾಕು ಬೈಯಿ."

ಅವಳ ಎದೆ ಡವಗುಟ್ಟಿತು. ಛೀ! ಮನೆಗೆ ಬಂದವಳೇ ಸೂರಿನ ಗಂಟನ್ನು ದಿಟ್ಟಿಸಿ, ಆರುತ್ತಿದ್ದ ಸಿಟ್ಟನ್ನು ಮತ್ತೆ ಕಾಯಿಸಿಕೊಂಡಳು.

ಮೀನುಮರಿ ಬಿಡುವ ದಿನ ಬಂದೇಬಂತು. ಏರಿಯ ಮೇಲೆ ಎಲ್ಲರೂ ಸೇರಿದರು. ಸಂಘದ ಹಿರಿಯ ಮುನಿವೆಂಕಟಪ್ಪ ಹೇಳಿದ. "ಬಿಚ್ಚವ್ವಾ."

ಸುಗುಣಾ ಹೆಮ್ಮೆಯಿಂದ ಗಂಟು ಬಿಚ್ಚಿದಳು. ಬೆರಳುಗಳು ಬಲೆಯ ಮೇಲೆ ಓಡಿದವು... ನಿಂತವು.

ಹಗೆಗೆ ಕೊಯ್ಯುವವರು ಮೊದಲು ಬಲೆಯನ್ನು ತೇಲಿಸುವ ಮೇಲ್ಹಗ್ಗವನ್ನೇ ಕೊಯ್ಯುತ್ತಾರೆ, ಬಲೆಯೇ ಮುಳುಗಲಿ ಎಂದು. ಇಲ್ಲಿ ಮೇಲ್ಹಗ್ಗ ಹಾಗೇ ಇತ್ತು. ಒಬ್ಬ ಮನುಷ್ಯ ಹೊರಬರುವಷ್ಟು ಜಾಗವನ್ನು ಮಾತ್ರ ಕೊಯ್ಯಲಾಗಿತ್ತು. ತೂತಿನ ಪಕ್ಕ, ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದು ಕೆಂಪು ಉಡದಾರದ ತುಂಡು, ಅದರಲ್ಲೊಂದು ತಾಮ್ರದ ತಾಯತ.

ಬಲೆ ಕೊಯ್ದ ಹಿಂದಿನ ದಿನವಷ್ಟೇ ಅಪ್ಪನ ಸೊಂಟಕ್ಕೆ ಅವಳೇ ಕಟ್ಟಿದ್ದು! 'ಕೆರೇಲಿ ಬಿದ್ದೋಯ್ತು ಕಣಮ್ಮ' ಎಂದಿದ್ದ ಅಪ್ಪ.

ಅವಳು ತಾಯತವನ್ನು ಮುಷ್ಟಿಯಲ್ಲಿ ಬಿಗಿದು ಹಿಂದಿರುಗಿ ನೋಡಿದಳು. ಕದಿರಪ್ಪ ಎದುರಿಗೇ ಇದ್ದ ನೀರಿನ ಲೋಟಕ್ಕಾಗಿ ನೆಲ ತಡಕುತ್ತಿದ್ದ. ಎಷ್ಟು ದಿನದಿಂದ ಹೀಗೆ ತಡಕುತ್ತಿದ್ದಾನೆ! ಸೇಡಿನ ಗುಂಗಿನಲ್ಲಿ ಅವಳು ನೋಡಿಯೂ ನೋಡಿರಲಿಲ್ಲ.

ಕಟ್ಟಳೆಯಂತೆ ಕಣ್ಣು ಕಾಣದವರ ಹೆಸರಲ್ಲಿ ಸರದಿ ಇರುವಂತಿಲ್ಲ. ಬಾಯಿ ಬಿಟ್ಟರೆ ಮನೆಯ ಅನ್ನವೇ ಹೋಗುತ್ತದೆ. ತನ್ನ ಬಲೆಗೆ ತಾನೇ ಬಿದ್ದ ಮೀನುಗಾರ ಎಂದು ಅಪ್ಪನನ್ನು ಊರೇ ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ... ವರ್ಷದಿಂದ ಕಾದ ಸೇಡು ಕೈಗೆ ಬರುತ್ತದೆ.

"ಏನವ್ವಾ, ಇವನ ಸರದಿ ತೆಗೆದಾಕ್ಲಾ?" ಮುನಿವೆಂಕಟಪ್ಪ ಕೇಳಿದ.

"ತೆಗೀರಣ್ಣ, ಕೊಯ್ದೋನು ನಾನೇ," ಎಂದ ಮುರುಗೇಶ್. ಅವಳ ಮುಷ್ಟಿಯನ್ನು ನೋಡಿ, ಬೇಡವೆಂದು ಸಣ್ಣಗೆ ತಲೆಯಾಡಿಸಿದ.

ಅವಳಿಗೆ ತಡೆಯಲಾಗಲಿಲ್ಲ.

"ಬ್ಯಾಡ! ತೆಗೀಬ್ಯಾಡಿ!" ಅಂಗೈ ಬಿಚ್ಚಿದಳು. "ಬಲೇಲಿ ಸಿಕ್ಕಾಕ್ಕೊಂಡಿದ್ದು ನಮ್ಮಪ್ಪ! ಇವನು ಕೊಯ್ದೇ ಇದ್ದಿದ್ರೆ ನಂಗೆ ಅಪ್ಪನೇ ಇರ್ತಿರ್ಲಿಲ್ಲ!"

ಕದಿರಪ್ಪ ಅಳತೊಡಗಿದ. "ಕಣ್ಣು ಮಂಜಾಗಿ ಕಾಲು ಜಾರ್ತು ಕಣಪ್ಪಾ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕೊಂಡೆ. ನನ್ ಮಾನ ಉಳಿಸೋಕೆ ಈ ಮಗ ವರ್ಷವೆಲ್ಲ ಬೈಸ್ಕೊಂಡ."

ಯಾರೂ ನಗಲಿಲ್ಲ. ಆದರೂ ಕಟ್ಟಳೆ ಕಟ್ಟಳೆಯೇ. ಕದಿರಪ್ಪನ ಸರದಿ ಹೋಯಿತು.

ಜನ ಚದುರಿದ ಮೇಲೆ ಸುಗುಣಾ ದಡದಲ್ಲಿ ಬಲೆ ಹರಡಿಕೊಂಡು ಕೂತಳು. ಕಣ್ಣೀರಿನಲ್ಲಿ ತೂತು ಕಾಣುತ್ತಿರಲಿಲ್ಲ. ಮುರುಗೇಶ್ ಬಂದು ಬಲೆಯ ಒಂದಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದ. ಅವಳು ಬಿದಿರಿನ ಸೂಜಿಯಿಂದ ಹೆಣೆಯತೊಡಗಿದಳು.

"ನಂಗೊಬ್ಳಿಗಾದ್ರೂ ಹೇಳ್ಬಹುದಿತ್ತು ನೀನು."

"ಆಣೆ ಹಾಕಿದ್ದೆ. ಆಮೇಲೆ... ನೀನು ಬೈಯೋಕಾದ್ರೂ ದಿನಾ ಬರ್ತಿದ್ದೆ. ನಿಜ ಗೊತ್ತಾದ್ರೆ ಬರ್ತೀಯೋ ಇಲ್ವೋ ಅಂತ ಭಯ ಆಗ್ಬುಡ್ತು."

ಸೂಜಿ ನಿಂತಿತು.

"ನನ್ ಹರಿಗೋಲಲ್ಲಿ ಇಬ್ರು ಕೂರಬಹುದು, ಸುಗುಣಾ. ನಾನು ಹುಟ್ಟು ಹಾಕ್ತೀನಿ, ನೀನು ಬಲೆ ಬಿಡು. ನಿಮ್ಮಪ್ಪನ್ನ ಮಾವ ಅಂತ ಕರೀಲಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕರಿ. ಆದ್ರೆ ನನ್ ಸೇಡು ಇನ್ನೂ ತೀರಿಲ್ಲ. ವರ್ಷವೆಲ್ಲ ನನ್ನ ಕೆಟ್ಟೋಳನ್ನಾಗಿ ಮಾಡ್ದೆ ನೀನು. ಇನ್ಮೇಲೆ ದಿನಾ ನನ್ ಕೈ ಮೀನುಸಾರೇ ಉಣ್ಬೇಕು."

"ಅದೂ ಒಂದು ಸೇಡಾ?"

"ಖಾರ ಜಾಸ್ತಿ ಹಾಕ್ತೀನಿ ಕಣ್ಲಾ..." ಎಂದಳು, ಅಳುತ್ತಲೇ ನಗುತ್ತ.

"ಹಾಕು," ಎಂದ ಅವನು. "ನೀರಿನ ಬಾಟ್ಲಿ ನಾನೇ ತತ್ತೀನಿ."