ಪೊಳ್ಳು ಯಾವುದು, ಗಟ್ಟಿ ಯಾವುದು

“ಈ ರೂಮ್ ಮುಗಿಯೋ ತನಕ ಹಾಕ್ಕೋತೀನಿ ಅಂದಿದ್ದೆ. ಮುಗೀತಲ್ಲ, ತೆಗೀತೀನಿ,” ಎಂದು ಚೂಟಿ ಕಿವಿಯ ಮೇಲಿದ್ದ ಮಷೀನ್‌ಗೆ ಕೈ ಹಾಕಿದಳು. ಇನ್ನೊಂದು ಕೈಯಲ್ಲಿ ಅದರ ಡಬ್ಬಿ ಬಾಯಿ ತೆರೆದು ರೆಡಿಯಾಗಿತ್ತು.

ಯಾರದೋ ಹೊಸ ಮನೆಯ ರೂಮಿನಲ್ಲಿ ನೆಲಕ್ಕೆ ಕೊನೆಯ ಟೈಲ್ ಕೂರಿಸುತ್ತಿದ್ದ ಅಪ್ಪ, ತುಟಿ ಅವಳಿಗೆ ಕಾಣುವಂತೆ ತಿರುಗಿದ. “ಎಲ್ಲಿ ಮುಗೀತು? ತಟ್ಟಿ ನೋಡೋದು ಬಾಕಿ ಇದೆ. ಮಾತು ಅಂದ್ರೆ ಮಾತು.”

“ಆಮೇಲೆ ಡಬ್ಬಿಗೆ ಹಾಕಿದ್ರೆ ಬೈಯಬಾರದು.”

“ಬೈಯಲ್ಲ ನನ್ನ ತಾಯಿ.”

ಚಿಕ್ಕವಳಿದ್ದಾಗ ಬಂದ ಜ್ವರವೊಂದು ಚೂಟಿಯ ಕಿವಿಯನ್ನು ಮುಚ್ಚಿಬಿಟ್ಟಿತ್ತು. ಈಗ ಆಪರೇಷನ್ ಆಗಿ, ಒಳಗೊಂದು ತಂತಿ, ಹೊರಗೊಂದು ಮಷೀನ್ ಬಂದಿತ್ತು. ಸದ್ದೂ ಬಂತು. ಆದರೆ ಅಮ್ಮನ ಮಾತು, ನಲ್ಲಿಯ ನೀರು, ಸ್ಕೂಲ್ ಬೆಲ್, ಎಲ್ಲವೂ ತಗಡಿನ ಡಬ್ಬಿಗೆ ಕಲ್ಲು ಹಾಕಿ ಕುಲುಕಿದ ಹಾಗೇ ಇತ್ತು. ಕ್ಲಾಸಿನಲ್ಲಂತೂ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಅವಳ ತಲೆಗೆ ತಂತಿಗಳ ಟೋಪಿ ಹಾಕಿ, ಸದ್ದು ಮಾಡಿ, ಕಂಪ್ಯೂಟರಿನಲ್ಲಿ ಕುಣಿಯುವ ಗೆರೆ ತೋರಿಸಿದ್ದರು. “ನೋಡು, ಇದು ನಿನ್ನ ಮಿದುಳಿನ ಉತ್ತರ. ಕೇಳಿಸಿಕೊಳ್ಳೋ ಜಾಗ ಇಷ್ಟು ದಿನ ಖಾಲಿ ರೂಮಿನ ಹಾಗೆ ಬಿದ್ದಿತ್ತು. ಕಣ್ಣು ಒಂದಿಷ್ಟು ಸಾಮಾನು ತಂದು ಅಲ್ಲಿ ಇಟ್ಕೊಂಡಿದೆ. ಈಗ ಸದ್ದು ಬಂದು ಬಾಗಿಲು ತಟ್ತಾ ಇದೆ. ಜಾಗ ಮಾಡಿಕೊಡೋಕೆ ಟೈಮ್ ಬೇಕು, ಪುಟ್ಟಿ. ದಿನಾ ಹಾಕ್ಕೋ.”

ತಲೆಯೊಳಗಿನ ಆ ರೂಮ್ ಖಾಲಿಯಾಗುವ ಲಕ್ಷಣವೇ ಕಾಣಲಿಲ್ಲ ಚೂಟಿಗೆ.

ಅಪ್ಪ ಸುತ್ತಿಗೆಯ ಮರದ ಹಿಡಿಯಿಂದ ಟೈಲ್‌ಗಳನ್ನು ತಟ್ಟುತ್ತ ಬಂದ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ, ಇಲ್ಲದಿದ್ದರೆ ಪೊಳ್ಳು. ಪೊಳ್ಳು ಟೈಲ್ ಇಂದಲ್ಲ ನಾಳೆ ಬಿರುಕು ಬಿಡುತ್ತದೆ. ಟಕ್, ಟಕ್. ಚೂಟಿ ಡಬ್ಬಿ ಹಿಡಿದು ಹಿಂದೆಯೇ ನಡೆದಳು. ಕಿಟಕಿಯ ಮೂಲೆ ದಾಟಿ ಅಪ್ಪ ಮುಂದೆ ಹೋದ.

“ನಿಲ್ಲಪ್ಪ. ಅದು ಬೇರೆ ಥರ.”

“ಯಾವುದು?”

“ಮೂಲೇದು. ಹೊಟ್ಟೆ ಹಸಿದಿರೋ ಹಾಗಿದೆ ಅದರ ಸದ್ದು.”

ಅಪ್ಪ ಮತ್ತೆ ತಟ್ಟಿದ. “ಗಟ್ಟಿಯಾಗೇ ಇದೆಯಲ್ಲೇ.”

“ಇಲ್ಲ.”

ಗಾರೆ ಇನ್ನೂ ಹಸಿಯಾಗಿತ್ತು. ಅಪ್ಪ ಕರಣೆ ತೂರಿಸಿ ಟೈಲ್ ಎತ್ತಿದ. ಅರ್ಧಕ್ಕೆ ಗಾರೆಯೇ ಹತ್ತಿರಲಿಲ್ಲ. ಅವನು ಕೂತಲ್ಲೇ ಕೂತ. “ಟೈಲ್ ಕಟರ್ ನನ್ನ ಕಿವೀನ ಅರ್ಧ ತಿಂದುಹಾಕಿದೆ. ಇಬ್ಬರಲ್ಲಿ ಮಷೀನ್ ಯಾರಿಗೆ ಬೇಕಿತ್ತೋ.”

ಚೂಟಿ ನಗಲಿಲ್ಲ. ಕಣ್ಣೇ ಹೇಳಿಕೊಟ್ಟಿರಬಹುದು ಎಂಬ ಅನುಮಾನ ಅವಳಿಗೆ. ಟೈಲ್ ವಾಪಸ್ ಇಡಿಸಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದಳು. “ಎಲ್ಲಿ ಬೇಕಾದ್ರೂ ತಟ್ಟು.”

ಟಕ್. “ಗಟ್ಟಿ,” ಎಂದಳು. “ಗಟ್ಟಿ... ಪೊಳ್ಳು... ಗಟ್ಟಿ.”

ಆಮೇಲೆ ಇನ್ನೊಂದು ಸದ್ದು.

“ಅದು ಬಕೆಟ್. ಮೋಸ ಮಾಡ್ತೀಯಾ?”

ಅಪ್ಪ ಬಿದ್ದು ಬಿದ್ದು ನಕ್ಕ. ಆ ನಗು ಅವಳ ಬೆನ್ನ ಹಿಂದಿನಿಂದ ಬಂತು. ಸ್ವಲ್ಪ ತಗಡು ತಗಡಾಗಿತ್ತು, ಆದರೆ ಅದು ಬಕೆಟ್ ಅಲ್ಲ, ಟೈಲ್ ಅಲ್ಲ, ನಲ್ಲಿಯ ನೀರೂ ಅಲ್ಲ. ನಗು. ಚೂಟಿ ಕಣ್ಣು ಬಿಡದೆ ಅದು ಪೂರ್ತಿ ಮುಗಿಯುವವರೆಗೂ ಕೇಳಿದಳು.

ಅಪ್ಪ ಆ ಮೂಲೆಯ ಟೈಲ್‌ನ ಕೆಳಗೆ ಗಾರೆ ತುಂಬಿ ಮತ್ತೆ ಕೂರಿಸಿದ. ಚೂಟಿಯೇ ತಟ್ಟಿ ನೋಡಿ ಪಾಸ್ ಮಾಡಿದಳು.

“ಈಗ ನಿಜಕ್ಕೂ ಮುಗೀತು,” ಎಂದ ಅಪ್ಪ, ಅವಳ ಕೈಯಲ್ಲಿದ್ದ ಡಬ್ಬಿ ನೋಡುತ್ತ. “ಮಾತು ಅಂದ್ರೆ ಮಾತು.”

ಟೈಲ್‌ಗಳ ನಡುವೆ ಸಂದು ಬಿಡಲು ಇಡುವ ಪ್ಲಾಸ್ಟಿಕ್ ಚೂರುಗಳು ಹರಿದ ಕವರಿನಿಂದ ನೆಲದ ತುಂಬ ಚೆಲ್ಲಿದ್ದವು. ಚೂಟಿ ಒಂದೊಂದೇ ಆರಿಸಿ ಮಷೀನಿನ ಡಬ್ಬಿಗೆ ತುಂಬಿದಳು. ಮುಚ್ಚಳ ಹಾಕಿ, ಕಿವಿಯ ಹತ್ತಿರ ಕುಲುಕಿ ನೋಡಿ, ಅಪ್ಪನ ಚೀಲದೊಳಗೆ ಇಟ್ಟಳು.

“ನಾಳೆ ಯಾವ ಮನೆ?” ಎಂದು ಕೇಳಿದಳು.