ಆಕ್ಷೇಪಣೆ ಇರೋರು ಹೇಳಿ

'ಮೀಟಿಂಗಲ್ಲಿ ನನ್ನ ದನಿ ಮಾತ್ರ ಯಾಕೆ ಹಿಂಗೆ ನಡುಗುತ್ತೆ? ಎಲ್ರೂ ಮಾತಾಡ್ತಾರೆ... ನನಗೊಬ್ಬಳಿಗೇ ಯಾಕೆ ಆಗಲ್ಲ?'

ಡೈರಿಯಲ್ಲಿ ಪುಟಗಟ್ಟಲೆ ಬರೆಯುವ ಸುಚಿತ್ರಾಳಿಗೆ ನಾಲ್ಕು ಜನರ ಮುಂದೆ ಒಂದು ವಾಕ್ಯ ಆಡಲು ಆಗುತ್ತಿರಲಿಲ್ಲ.

ಒಂಟಿಕೊಪ್ಪಲಿನ ಈ ಎಂಬಿಎ ಹುಡುಗಿ ಮಂಡಿ ಮೊಹಲ್ಲಾದ ಊದುಬತ್ತಿ ಕಾರ್ಖಾನೆಗೆ ಸೇರಿದ ಮೊದಲ ಸೋಮವಾರವೇ ಅದನ್ನು ಒಬ್ಬ ಗಮನಿಸಿಬಿಟ್ಟಿದ್ದ. ಪ್ಯಾಕಿಂಗ್ ಸೂಪರ್‌ವೈಸರ್ ಗೌತಮ್! ಬಾಯಿ ತೆರೆದು ಮುಚ್ಚಿದವಳ ಮುಂದೆ ನೀರಿನ ಲೋಟ ಸರಿಸಿದ್ದ.

"ಏನೋ ಹೇಳೋಕೆ ಬಂದ್ರಿ. ಹೇಳಿ, ನಾನಂತೂ ಕೇಳಿಸ್ಕೋತೀನಿ."

ಆ ನೋಟ! ಅವತ್ತಿನ ಡೈರಿಯಲ್ಲಿ ಅದೊಂದೇ ಇತ್ತು...

ಇವತ್ತೂ ಅದೇ ಮೇಜು. ಆದರೆ ಬೋರ್ಡಿನ ಮೇಲೆ ಅವನ ಹೆಸರು.

ಮ್ಯಾನೇಜರ್ ವಿಶ್ವನಾಥ್ ಅವರದು ಒಂದು ಪದ್ಧತಿ. ಏನೇ ಸಮಸ್ಯೆ ಬರಲಿ, ಬೋರ್ಡಿನ ಮೇಲೆ ಬರೆದು 'ಯಾಕೆ, ಯಾಕೆ' ಎಂದು ಕೇಳುತ್ತಾ ಹೋಗುವುದು. ಒಬ್ಬರ ಹೆಸರು ಬಂದ ಕೂಡಲೇ ಪೆನ್ನಿಗೆ ಮುಚ್ಚಳ ಹಾಕುವುದು! ಆಮೇಲೆ ನಿರ್ಣಯ. ಸುಮ್ಮನಿದ್ದವರೆಲ್ಲ ಒಪ್ಪಿದ ಲೆಕ್ಕ.

"ಮಾಲು ಯಾಕೆ ವಾಪಸ್ ಬಂತು? ಬೂಷ್ಟು ಹಿಡಿದಿತ್ತು. ಯಾಕೆ? ಕಡ್ಡಿ ಒಣಗಿರ್ಲಿಲ್ಲ. ಒಣಗದೇ ಇರೋದನ್ನ ಯಾಕೆ ಪ್ಯಾಕ್ ಮಾಡಿದ್ರು? ಗೌತಮ್ ಸೈನ್ ಹಾಕಿದ್ರು."

ಟಕ್! ಮುಚ್ಚಳ ಬಿತ್ತು.

'ಇನ್ನೊಂದು ಸಲ ಯಾಕೆ ಅಂತ ಕೇಳಿ ಸಾರ್!' ಸುಚಿತ್ರಾಳ ಎದೆ ಕೂಗಿತು. ಮಾಲು ಒಯ್ಯಲು ಲಾರಿಯನ್ನು ಬೇಗ ಕರೆಸಿದ್ದು ಇದೇ ಮೇಜಿನ ನಿರ್ಣಯ. ಬೇಡ, ಕಡ್ಡಿ ಹಸಿ ಇದೆ ಎಂದು ಅವತ್ತು ಹೇಳಿದವನು ಗೌತಮ್ ಒಬ್ಬನೇ. ಯಾರೂ ಕೇಳದೆ, ಅವನು ಸೈನ್ ಹಾಕಲೇಬೇಕಾಗಿತ್ತು.

"ನಾಳೆಯಿಂದ ಗೌತಮ್ ಮಂಡಕಳ್ಳಿ ಗೋಡೌನಿಗೆ. ಆಕ್ಷೇಪಣೆ ಇರೋರು ಹೇಳಿ."

ಅಲ್ಲಿಗೆ ಹೋದವರು ವಾಪಸ್ ಬಂದದ್ದಿಲ್ಲ. ಬೇಸತ್ತು ಕೆಲಸವನ್ನೇ ಬಿಟ್ಟಿದ್ದರು.

ಗೌತಮ್ ಬೇರೆ ಯಾರನ್ನೂ ನೋಡಲಿಲ್ಲ. ಅವಳನ್ನು ನೋಡಿದ. ಅವಳು... ತಲೆ ತಗ್ಗಿಸಿದಳು.

"ಸರಿ. ಸರ್ವಾನುಮತ."

ಮೆಟ್ಟಿಲ ಬಳಿ ಅವನು ನಿಂತ.

"ಬೇರೆಯೋರು ಸುಮ್ನಿದ್ದಿದ್ದಕ್ಕೆ ಬೇಜಾರಿಲ್ಲ ಸುಚಿತ್ರಾ. ನೀವೂ ಒಪ್ಬುಟ್ರಲ್ಲ..."

"ನಾನು... ಅದು..."

"ಬುಡಿ."

ಅವನು ಇಳಿದು ಹೋದ. ಅವಳು ಕಣ್ಣೊರೆಸಿಕೊಳ್ಳುತ್ತಾ ಅಲ್ಲೇ ನಿಂತಳು.

ಪ್ಯಾಕಿಂಗ್ ಹೆಂಗಸರ ನಡುವಿನಿಂದ ಪುಟ್ಟತಾಯಮ್ಮ ರೇಗಿದಳು. "ಯಾಕವ್ವಾ, ಬಾಯಿಗೆ ಅಂಟು ಮೆತ್ಕಂಡಿದ್ದೀಯಾ? ಆವಯ್ಯ ಅಲ್ಲಿ ಒಂಟೋಯ್ತಾವ್ನೆ. ನೀನಿಲ್ಲಿ ಕಣ್ಣೀರು ಸುರಿಸ್ಕಂಡು ನಿಂತ್ರೆ ಅವನ ಬೆನ್ನಿಗೇನು ಕಣ್ಣೈತಾ?"

ಸುಚಿತ್ರಾ ಓಡಿದಳು.

ಅಂಗಳದಲ್ಲಿ ಗೌತಮ್ ಬೈಕ್ ಹತ್ತಿದ್ದ. ವಿಶ್ವನಾಥ್ ಅವನ ಕೈಗೆ ವರ್ಗಾವಣೆ ಆರ್ಡರ್ ಕೊಡುತ್ತಿದ್ದರು.

"ಸಾರ್... ಲಾರಿ ಬೇಗ ಕರೆಸಿದ್ದು ನಾವೆಲ್ಲ. ಇವ್ರು ಬೇಡ ಅಂದಿದ್ರು."

ಮಾತು ಹೊರಬಂದಿತ್ತು! ನಡುಗುತ್ತಲೇ.

ವಿಶ್ವನಾಥ್ ಕನ್ನಡಕ ತೆಗೆದರು. "ಹೂಂ... ಅಂದಿದ್ರು. ಆದ್ರೆ ಆರ್ಡರ್ ಆಗೋಯ್ತಲ್ಲಮ್ಮ. ಸದ್ಯಕ್ಕೆ ಹೋಗ್ಲಿ, ಮುಂದಿನ ಮೀಟಿಂಗಲ್ಲಿ ನೋಡೋಣ."

ಅಷ್ಟೇನಾ? ತಡವಾಗಿ ಬಂದ ಮಾತಿಗೆ ಇಷ್ಟೇ ಬೆಲೆ...

"ಅಲ್ಲಮ್ಮಾ, ಒಳಗೇ ಇದನ್ನ ಹೇಳೋಕೇನಾಗಿತ್ತು ನಿಮಗೆ?" ವಿಶ್ವನಾಥ್ ಕೇಳಿದರು.

ಕಿಟಕಿಯಲ್ಲಿ ಪ್ಯಾಕಿಂಗ್ ಹೆಂಗಸರ ತಲೆಗಳು. ಉತ್ತರ ಗೊತ್ತಿತ್ತು, ಹೇಳುವುದು ಹೇಗೆ?

"ಬುಡಿ ಸಾರ್, ಹೆದರ್ತಾರೆ." ಗೌತಮ್ ಬೈಕ್ ಆಫ್ ಮಾಡಿ ಇಳಿದು ಬಂದ. ಅವನ ದನಿಯಲ್ಲಿ ಈಗ ಮುನಿಸಿರಲಿಲ್ಲ. "ಸುಚಿತ್ರಾ, ಅವರನ್ನೆಲ್ಲ ನೋಡ್ಬೇಡಿ. ನನಗೊಬ್ಬನಿಗೇ ಹೇಳಿ."

"ನೀವು ನಾಳೆ ಹೋಗ್ತೀರಲ್ಲ..."

"ಹೋಗ್ಲೇಬೇಕು. ಇವತ್ತು ಇದ್ದೀನಲ್ಲ."

ಅವಳು ಕಣ್ಣೆತ್ತಿದಳು. ಕೆನ್ನೆ ಒದ್ದೆಯಾಗಿತ್ತು.

"ನಿಮ್ಮ ಪರವಾಗಿ ಒಂದು ಮಾತಾಡಿದ್ರೂ ಎಲ್ಲರಿಗೂ ಗೊತ್ತಾಗ್ಬುಡುತ್ತೆ ಅಂತ ಭಯ ಆಯ್ತು."

"ಏನು ಗೊತ್ತಾಗುತ್ತೆ?"

"ನೀವಂದ್ರೆ ನಂಗೆ ತುಂಬಾ ಇಷ್ಟ ಅಂತ."