ಒಂದೇ ಹಿಡಿಯ ನಲ್ಲಿ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಪಾಲಿಬೆಟ್ಟದ ಕಾಫಿತೋಟದ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ನಮ್ಮ ಯಜಮಾನರು ಬಟ್ಲರ್. ನಾನು ಅವರ ಎರಡನೆಯ ಹೆಂಡತಿ. ಮೊದಲನೆಯವಳು ರಾಮಮ್ಮ ತೀರಿಕೊಂಡಿದ್ದಳು. ಆದರೂ ಬಂಗಲೆಯ ಅಡುಗೆಮನೆಯಲ್ಲಿ ನನಗಿಂತ ಹೆಚ್ಚಾಗಿ ಅವಳ ಹೆಸರೇ ಓಡಾಡುತ್ತಿತ್ತು.

ಅಲ್ಲಿ ದೊರೆ ಸೀಮೆಯಿಂದ ತರಿಸಿದ ನಲ್ಲಿಯಿತ್ತು. ಇದ್ದದ್ದು ಒಂದೇ ಹಿಡಿ. ಎಡಕ್ಕೆ ತಿರುಗಿಸಿದರೆ ಹಿತ್ತಲಿನ ಸೌದೆ ಬಾಯ್ಲರಿನಿಂದ ಬಿಸಿನೀರು, ಬಲಕ್ಕೆ ತಣ್ಣೀರು. ಬಾವಿ ದೂರವೆಂದು ಅತ್ತೆ ನನ್ನ ಮದುವೆಯ ಗಂಗೆಪೂಜೆಯನ್ನು ಆ ನಲ್ಲಿಗೇ ಮಾಡಿಸಿದರು.

"ರಾಮಮ್ಮನೂ ಇದಕ್ಕೇ ಮಾಡಿದ್ಲು, ನೀನೂ ಮಾಡು ಮಗಾ."

ಅರಿಶಿನ ಹಚ್ಚಿ ಬಿಂದಿಗೆ ಹಿಡಿದೆ. ಅಂದಿನಿಂದ ನನ್ನ ಕೈಗೆ ಬಿಸಿನೀರು ಬರಲೇ ಇಲ್ಲ.

"ಅವ್ಳಿದ್ದಾಗ ಚೆನ್ನಾಗೇ ಬರ್ತಿತ್ತಲ್ಲ," ಎಂದರು ಯಜಮಾನರು.

"ಹಂಗಾದ್ರೆ ಅವಳ್ನೇ ಕರೀರಿ, ಪಾತ್ರೆ ತೊಳ್ದು ಹೋಗ್ಲಿ."

ಒಂದು ಮಧ್ಯಾಹ್ನ ಅವರು ಹಿಡಿ ಬಿಚ್ಚಿ, ತುಕ್ಕು ಕೆರೆದು, ಹೊಸ ವಾಷರ್ ಹಾಕಿದರು. ಅವರು ತಿರುಗಿಸಿದರೆ ಹಬೆಯಾಡುವ ನೀರು. ನಾನು ತಿರುಗಿಸಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಹಿಡಿ ಮಾತ್ರ ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಅವರು ಮತ್ತೆ ಮುಟ್ಟಿದರು, ಮತ್ತೆ ಬಿಸಿ. ಆಗ ಅವರ ಮುಖದಲ್ಲಿ ಮೂಡಿದ ನಾಚಿಕೆಯ ನಗು ಮದುವೆಯಾದಾಗಿನಿಂದ ನನಗೊಮ್ಮೆಯೂ ಸಿಕ್ಕಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಬಾಯ್ಲರಿನ ಬೆಂಕಿಗೇ ನೀರು ಸುರಿದುಬಿಡೋಣವೆಂದು ಕೊಡ ಹಿಡಿದು ಹಿತ್ತಲಿಗೆ ಹೋದೆ. ಒಲೆಯಲ್ಲಿ ಇದ್ದದ್ದು ತಣ್ಣನೆಯ ಬೂದಿ; ಅವತ್ತು ಯಾರೂ ಸೌದೆ ಹಚ್ಚಿರಲೇ ಇಲ್ಲ.

ಒಳಗೆ ಯಜಮಾನರ ಹೊರತು ಯಾರೂ ಇರಲಿಲ್ಲ. ನೀರು ಬೀಳುವ ಸದ್ದಿನ ನಡುವೆ ಅವರ ಮೆಲುದನಿ ಕೇಳಿಸಿತು: "ಸಾಕು ಬಿಡೇ, ಕೈ ಸುಡ್ತದೆ."